ಹೊಸ ವರ್ಷಕ್ಕೆ ಒಂದೇ ಒಂದು ಸಂಕಲ್ಪ: ಆರಿಸ್ಕೊಳ್ಳೋದು ಹೇಗೆ, ಉಳಿಸ್ಕೊಳ್ಳೋದು ಹೇಗೆ

ಬದಲಾಗ್ಬೇಕು ಅನ್ನೋ ಮನಸ್ಸಿದ್ರೆ ಯಾವತ್ತು ಬೇಕಾದ್ರೂ ಶುರು ಮಾಡ್ಬಹುದಲ್ಲ, ಜನವರಿ 1ನೇ ತಾರೀಖೇ ಯಾಕೆ ಅಂತ ತುಂಬಾ ಜನ ಕೇಳ್ತಾರೆ. ಸರಿಯಾದ ಪ್ರಶ್ನೇನೇ, ಆದ್ರೆ ಆ ತಾರೀಖಿಗೂ ಒಂದು ಶಕ್ತಿ ಇದೆ. ಹೆಂಗ್‌ಚೆನ್ ಡೈ, ಕ್ಯಾಥರೀನ್ ಮಿಲ್ಕ್‌ಮನ್, ಜೇಸನ್ ರೀಸ್ ಅನ್ನೋ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವಾರ, ತಿಂಗಳು, ವರ್ಷ ಶುರುವಾಗೋ ಹೊತ್ತಿಗೆ ಜನ ಜಿಮ್‌ಗೆ ಹೋಗೋದು, ಡಯಟ್ ಬಗ್ಗೆ ಗೂಗಲ್‌ನಲ್ಲಿ ಹುಡುಕೋದು ಎರಡೂ ಜಾಸ್ತಿಯಾಗತ್ತೆ. ಹಳೇದೆಲ್ಲ ಹಿಂದೆ ಹೋಯ್ತು, ಈಗ ಹೊಸ ಪುಟ ಅನ್ನೋ ಭಾವನೆ ಬರತ್ತಲ್ಲ, ಅದನ್ನ ಬಳಸ್ಕೊಳ್ಳೋಣ. ಆದ್ರೆ ಅದು ಶುರು ಮಾಡಿಸತ್ತೆ ಅಷ್ಟೇ, ಮುಂದಕ್ಕೆ ಕರ್ಕೊಂಡು ಹೋಗೋಕೆ ಬೇರೆ ತಯಾರಿ ಬೇಕು.

ಮೊದ್ಲು ಹಿಂದಕ್ಕೆ ನೋಡಿ

ಏನು ಮಾಡ್ಬೇಕು ಅಂತ ಬರೆಯೋಕೆ ಮುಂಚೆ ಒಂದರ್ಧ ಗಂಟೆ ಫೋನ್ ದೂರ ಇಟ್ಟು, ಪೆನ್ನು ಪೇಪರ್ ಹಿಡ್ಕೊಂಡು ಕೂತ್ಕೊಳ್ಳಿ. ಹೋದ ವರ್ಷ ಯಾವ ಕೆಲ್ಸ ಮಾಡ್ದಾಗ ಮನಸ್ಸು ಹಗುರ ಆಗಿತ್ತು, ಯಾವ ವಿಷ್ಯ ಮತ್ತೆ ಮತ್ತೆ ಕೊರೀತಾ ಇತ್ತು, ಯಾರಿಗೆ ಟೈಮ್ ಕೊಡ್ಬೇಕಿತ್ತು ಆದ್ರೆ ಕೊಡ್ಲಿಲ್ಲ, ಹೀಗೆ ತೋಚಿದ್ದನ್ನೆಲ್ಲ ಬರೀರಿ. ಅಕ್ಷರ ಚೆನ್ನಾಗಿರ್ಬೇಕು, ವಾಕ್ಯ ಸರಿಯಾಗಿರ್ಬೇಕು ಅಂತೇನಿಲ್ಲ. ಬರೆದ್ಮೇಲೆ ಒಂದ್ಸಲ ಓದಿದ್ರೆ ಒಂದೇ ವಿಷ್ಯ ಬೇರೆ ಬೇರೆ ರೂಪದಲ್ಲಿ ಎರಡು ಮೂರು ಕಡೆ ಬಂದಿರತ್ತೆ, ಅದಕ್ಕೆ ಗೆರೆ ಎಳೀರಿ.

ಗುರಿ ಬೇರೆ, ಸಂಕಲ್ಪ ಬೇರೆ

"5 ಕೆಜಿ ಇಳಿಸ್ಬೇಕು" ಅನ್ನೋದು ಗುರಿ, ಅದು ಒಂದಿನ ಮುಗಿಯತ್ತೆ, ಇಲ್ಲಾಂದ್ರೆ ಕೈತಪ್ಪತ್ತೆ. "ನನ್ನ ದೇಹಾನ ಅಕ್ಕರೆಯಿಂದ ನೋಡ್ಕೊಳ್ತೀನಿ" ಅನ್ನೋದು ಸಂಕಲ್ಪ, ಇದನ್ನ ಇವತ್ತೇ ಬದುಕೋಕೆ ಶುರು ಮಾಡ್ಬಹುದು, ಹುಷಾರಿಲ್ದೆ ಮಲಗಿದ ದಿನಾನೂ ಬದುಕ್ಬಹುದು, ಅವತ್ತು ಚೆನ್ನಾಗಿ ರೆಸ್ಟ್ ತಗೊಳ್ಳೋದೇ ಅದು. ಗುರಿ ಬೇಡ ಅಂತ ನಾನು ಹೇಳ್ತಿಲ್ಲ, ಆದ್ರೆ ಅದಕ್ಕೆ ಬೇರು ಇರ್ಬೇಕು. ಹತ್ತು ಗುರಿ ಬರೆಯೋ ಬದ್ಲು ಒಂದು ಸಂಕಲ್ಪ ಆರಿಸ್ಕೊಳ್ಳಿ, ಒಂದೇ ಸಾಕು, ಎರಡನೇದನ್ನ ನೆನಪಿಟ್ಕೊಳ್ಳೋದ್ರಲ್ಲೇ ಮೊದಲನೇದು ಜಾರಿಹೋಗತ್ತೆ.

ಆರಿಸಿದ್ಮೇಲೆ ಒಂದು ಪರೀಕ್ಷೆ ಮಾಡಿ. ಇದನ್ನ ನಾನು ಮಾಡ್ತಿದೀನಿ ಅಂತ ಯಾರಿಗೂ ಗೊತ್ತಾಗದೇ ಇದ್ರೂ, ಒಬ್ರೂ ಭೇಷ್ ಅನ್ನದೇ ಇದ್ರೂ, ನಂಗೆ ಇದು ಬೇಕಾ? ಬೇಕು ಅಂತ ಒಳಗಿಂದ ಬಂದ್ರೆ ಅದು ನಿಮ್ದು. ಬರ್ಲಿಲ್ಲ ಅಂದ್ರೆ ಅದು ಇನ್ಯಾರದ್ದೋ ನಿರೀಕ್ಷೆ ಇರತ್ತೆ, ಧೈರ್ಯವಾಗಿ ಹೊಡೆದುಹಾಕಿ.

ಬಿಡೋದನ್ನ ಬಿಟ್ಟು ಮಾಡೋದನ್ನ ಬರೀರಿ

"ಇನ್ಮೇಲೆ ಊಟ ಮಾಡ್ವಾಗ ಫೋನ್ ನೋಡಲ್ಲ" ಅಂತ ಬರೆದ್ರೆ ತಲೆ ತುಂಬ ಫೋನೇ ಇರತ್ತೆ. ಅದೇ "ಊಟ ಮಾಡ್ವಾಗ ಪಕ್ಕದಲ್ಲಿರೋರ ಜೊತೆ ಪೂರ್ತಿ ಇರ್ತೀನಿ" ಅಂತ ಬರೆದ್ರೆ ಕೈಗೆ ಒಂದು ಕೆಲ್ಸ ಸಿಗತ್ತೆ. ಸ್ವೀಡನ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನರ ಹೊಸ ವರ್ಷದ ನಿರ್ಧಾರಗಳನ್ನ ಒಂದು ವರ್ಷ ಗಮನಿಸಿದ ಅಧ್ಯಯನ 2020ರಲ್ಲಿ ಬಂತು. ಏನೋ ಒಂದನ್ನ ಶುರು ಮಾಡ್ತೀನಿ ಅಂದವರಲ್ಲಿ ಸುಮಾರು 59% ಜನ ತಾವು ಗೆದ್ವಿ ಅಂದ್ರು, ಬಿಡ್ತೀನಿ ಅಂದವರಲ್ಲಿ ಸುಮಾರು 47%. ವ್ಯತ್ಯಾಸ ಭಾರೀ ಅಲ್ದೇ ಇರ್ಬಹುದು, ಆದ್ರೆ ಬರೀ ವಾಕ್ಯ ತಿರುಗಿಸೋಕೆ ನಮಗೇನು ಖರ್ಚು?

ಯಾವಾಗ, ಎಲ್ಲಿ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಹೆಚ್ಚಿನೋರು ಬಿಟ್ಟುಬಿಡೋದೂ ಇದನ್ನೇ. ಪೀಟರ್ ಗಾಲ್ವಿಟ್ಜರ್ ಅನ್ನೋ ಮನಃಶಾಸ್ತ್ರಜ್ಞರು 1990ರ ದಶಕದಿಂದ ಹೇಳ್ತಾ ಬಂದಿರೋದು ಇಷ್ಟು: ಬರೀ "ಮಾಡ್ತೀನಿ" ಅನ್ನೋದಕ್ಕಿಂತ "ಇಂಥದ್ದು ಆದ್ರೆ ಆಗ ಇಂಥದ್ದು ಮಾಡ್ತೀನಿ" ಅಂತ ಮೊದ್ಲೇ ತೀರ್ಮಾನ ಮಾಡಿದ್ರೆ ಕೆಲ್ಸ ಆಗೋ ಸಾಧ್ಯತೆ ಹೆಚ್ಚು. ಯಾಕಂದ್ರೆ ಆ ಹೊತ್ತಲ್ಲಿ ಯೋಚ್ನೆ ಮಾಡೋದು, ಮನಸ್ಸನ್ನ ಒಪ್ಪಿಸೋದು ಇದ್ಯಾವ್ದೂ ಇರಲ್ಲ, ಸಂದರ್ಭ ಬಂದ ತಕ್ಷಣ ಅದೇ ನೆನಪು ಮಾಡತ್ತೆ. "ಊಟಕ್ಕೆ ಕೂತ ತಕ್ಷಣ ಫೋನನ್ನ ಇನ್ನೊಂದು ರೂಮಲ್ಲಿಟ್ಟು ಬರ್ತೀನಿ." ಇದ್ರಲ್ಲಿ ಜಾಗ ಇದೆ, ಹೊತ್ತಿದೆ, ಕೆಲ್ಸ ಇದೆ. "ಟೈಮ್ ಸಿಕ್ಕಾಗ" ಅನ್ನೋ ಪದ ನಿಮ್ಮ ವಾಕ್ಯದಲ್ಲಿದ್ರೆ ದಯವಿಟ್ಟು ತೆಗೀರಿ, ಆ ಟೈಮ್ ಸಿಗಲ್ಲ.

ಜೊತೆಗೆ ಅಡ್ಡಿ ಏನು ಬರ್ಬಹುದು ಅಂತ್ಲೂ ಯೋಚ್ನೆ ಮಾಡಿ. ಗೇಬ್ರಿಯೆಲ್ ಎಟ್ಟಿಂಗೆನ್ ಅವರ ಸಂಶೋಧನೆಗಳಲ್ಲಿ ಕಂಡಿದ್ದು, ಒಳ್ಳೇ ಫಲಿತಾಂಶದ ಕನಸು ಮಾತ್ರ ಕಂಡ್ಕೊಂಡು ಕೂತ್ರೆ ಪ್ರಯತ್ನ ಕಮ್ಮಿಯಾಗತ್ತೆ, ಕನಸಿನ ಪಕ್ಕದಲ್ಲೇ ಅಡ್ಡಿಯನ್ನೂ ಇಟ್ಟು ನೋಡಿದ್ರೆ ಕೆಲ್ಸ ಮುಂದಕ್ಕೆ ಹೋಗತ್ತೆ. ಅಡ್ಡಿ ಹೊರಗೇ ಇರ್ಬೇಕು ಅಂತಿಲ್ಲ, ಸುಸ್ತು, ಬೇಜಾರು, ನಾಚಿಕೆ ಇವೂ ಅಡ್ಡೀನೇ. "ಆಫೀಸಿಂದ ಅರ್ಜೆಂಟ್ ಮೆಸೇಜ್ ಬರ್ಬಹುದು ಅಂತ ಚಡಪಡಿಕೆ ಶುರುವಾದ್ರೆ, ಊಟ ಮುಗಿದ ತಕ್ಷಣ ನೋಡ್ತೀನಿ ಅಂತ ಮನಸ್ಸಿಗೆ ಹೇಳ್ತೀನಿ" ಅಂತ ಅದಕ್ಕೂ ಒಂದು ವಾಕ್ಯ ಬರ್ಕೊಳ್ಳಿ.

ತಪ್ಪಿದ ದಿನ

ತಪ್ಪೇ ತಪ್ಪತ್ತೆ. 21 ದಿನ ಮಾಡಿದ್ರೆ ಅಭ್ಯಾಸ ಆಗ್ಬಿಡತ್ತೆ ಅಂತ ಎಲ್ಲ ಕಡೆ ಓದಿರ್ತೀವಿ, ಆದ್ರೆ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು ಲಂಡನ್‌ನಲ್ಲಿ 96 ಜನರ ಮೇಲೆ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯದ ಅಂಕಿ 66 ದಿನ, ಒಬ್ಬೊಬ್ರಿಗೆ 18ರಿಂದ 254 ದಿನದವರೆಗೂ ವ್ಯತ್ಯಾಸ ಇತ್ತು. ಅದೇ ಅಧ್ಯಯನದಲ್ಲಿ ಒಂದಿನ ತಪ್ಪಿದ್ರಿಂದ ಅಭ್ಯಾಸ ಬೆಳೆಯೋದಕ್ಕೆ ಹೇಳ್ಕೊಳ್ಳೋ ಅಂಥ ತೊಂದ್ರೆ ಆಗ್ಲಿಲ್ಲ ಅಂತ್ಲೂ ಕಂಡಿತ್ತು, ಇದು ನಂಗೆ ತುಂಬಾ ಸಮಾಧಾನ ಕೊಡೋ ಮಾತು. ಹಾಗಾಗಿ ತಪ್ಪಿದ ದಿನ ನಿಮ್ಮನ್ನ ನೀವು ಬೈಕೋಬೇಡಿ, ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಮಾಡಿ, ತಪ್ಪಿದ್ದನ್ನ ಸರಿದೂಗಿಸೋಕೆ ಅಂತ ಡಬಲ್ ಮಾಡೋಕೂ ಹೋಗ್ಬೇಡಿ.

ಬರೆದ ಹಾಳೆಯನ್ನ ದಿನಾ ಕಣ್ಣಿಗೆ ಬೀಳೋ ಕಡೆ ಅಂಟಿಸಿ, ಮತ್ತೆ ಫೆಬ್ರವರಿ 1ಕ್ಕೆ ಒಂದು ರಿಮೈಂಡರ್ ಈಗ್ಲೇ ಇಟ್ಬಿಡಿ. ಅವತ್ತು ಹತ್ತು ನಿಮಿಷ ಕೂತು, ಈ ಸಂಕಲ್ಪ ಇನ್ನೂ ನಂದೇನಾ, ಆರಿಸಿದ ಹೊತ್ತು ಸರಿಹೋಗ್ತಿದ್ಯಾ, ಯಾವ ಅಡ್ಡಿ ನಾನು ಊಹಿಸಿರ್ಲಿಲ್ಲ ಅಂತ ನೋಡಿ, ಹೊತ್ತು ಸರಿಹೋಗ್ತಿಲ್ಲ ಅಂದ್ರೆ ಸಂಕಲ್ಪಾನ ಹಾಗೇ ಇಟ್ಕೊಂಡು "ಯಾವಾಗ" ಅನ್ನೋ ವಾಕ್ಯ ಒಂದನ್ನ ಮಾತ್ರ ಬದಲಾಯಿಸಿ ಬರೀರಿ.