ಬೆನ್ನು ಮೊದಲು, ಹೆಸರು ಕೊನೆಗೆ: ಹಳೆಯ ರತ್ನಗಂಬಳಿಗಳನ್ನು ಗೆಳೆಯರೊಡನೆ ಓದುವ ಕ್ರಮ

ಹಳೆಯ ರತ್ನಗಂಬಳಿಯೊಂದನ್ನು ಹರಡಿದ ಕೂಡಲೇ ಸುತ್ತ ಕುಳಿತವರಲ್ಲಿ ಯಾರಾದರೊಬ್ಬರು ‘ಇದು ಕಾಕಸಸ್ಸಿನದು’ ಎಂದೋ ‘ತುರ್ಕಮೆನ್ನರದು’ ಎಂದೋ ಹೇಳಿಬಿಟ್ಟರೆ, ಅಲ್ಲಿಂದ ಮುಂದೆ ಉಳಿದವರ ಕಣ್ಣು ಕಂಬಳಿಯನ್ನು ಬಿಟ್ಟು ಆ ಹೆಸರಿಗೆ ಸಾಕ್ಷಿ ಹುಡುಕುತ್ತದೆ. ನ್ಯೂಯಾರ್ಕಿನಲ್ಲಿ 1932ರಲ್ಲಿ ಹುಟ್ಟಿದ ಹಾಜಿ ಬಾಬಾ ಕ್ಲಬ್ಬಿನಂತಹ ಕೂಟಗಳಿಂದ ಹಿಡಿದು ನಾಲ್ಕೈದು ಗೆಳೆಯರು ಸೇರುವ ಸಣ್ಣ ಬಳಗದವರೆಗೆ, ಹಳೆಯ ನೇಯ್ಗೆಯನ್ನು ಒಟ್ಟಿಗೆ ಕುಳಿತು ನೋಡುವುದರ ದೊಡ್ಡ ಲಾಭವೆಂದರೆ ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೆ ಕಾಣುತ್ತದೆ ಎಂಬುದು. ಅವಸರದಲ್ಲಿ ಇಟ್ಟ ಹೆಸರು ಆ ಲಾಭವನ್ನೇ ಕಸಿದುಕೊಳ್ಳುತ್ತದೆ. ಆದ್ದರಿಂದ ಇಲ್ಲಿ ವಿವರಿಸಿರುವ ಕ್ರಮದಲ್ಲಿ ಊರು, ಬುಡಕಟ್ಟು, ಕಾಲ ಇವುಗಳ ಮಾತು ಕೊನೆಗೆ ಬರುತ್ತದೆ.

ಕೂಟಕ್ಕೆ ಮೊದಲು

ನಾಲ್ಕರಿಂದ ಎಂಟು ಮಂದಿ ಸಾಕು. ನೇರ ಬಿಸಿಲು ಬೀಳದ, ಆದರೆ ಹಗಲಿನ ಬೆಳಕು ಚೆನ್ನಾಗಿರುವ ಕೋಣೆಯಲ್ಲಿ ನೆಲಕ್ಕೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಕಂಬಳಿಯಿಂದ ಉದುರುವ ಎಳೆ, ನುಸಿಯ ಗೂಡು, ಮಣ್ಣು ಎಲ್ಲವೂ ಅದರ ಮೇಲೆ ಎದ್ದು ಕಾಣುತ್ತವೆ. ಕೈ ತೊಳೆದು, ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡಿ. ಅಳತೆ ಪಟ್ಟಿ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಪೆನ್ಸಿಲ್, ಪ್ರತಿಯೊಬ್ಬರಿಗೂ ಒಂದು ಹಾಳೆ ಇರಲಿ. ಶಾಯಿಯ ಪೆನ್ನು ಮಾತ್ರ ಹತ್ತಿರ ಬೇಡ. ಮೊದಲ ಅರ್ಧ ಗಂಟೆ ಯಾರೂ ಮಾತನಾಡದೆ, ತಾವು ಕಂಡದ್ದನ್ನಷ್ಟೇ ಬರೆದುಕೊಳ್ಳಬೇಕು. ಈ ಮೌನ ಆರಂಭದಲ್ಲಿ ಕಷ್ಟವೆನಿಸಿದರೂ ಇಡೀ ಕೂಟದ ಫಲ ಇದರ ಮೇಲೆಯೇ ನಿಂತಿದೆ ಎಂದು ನಾನು ನಂಬಿದ್ದೇನೆ.

ಕಂಬಳಿಯನ್ನು ಮಗುಚಿ ನೋಡುವುದು

ಮುಖದ ವಿನ್ಯಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಆದರೆ ನೇಯುವವರ ಕೈಗೆ ಚಿಕ್ಕಂದಿನಿಂದ ಅಂಟಿಕೊಂಡ ಅಭ್ಯಾಸ ಬೆನ್ನಿನಲ್ಲಿ ಉಳಿದಿರುತ್ತದೆ. ಹಾಸು ನೂಲು (ಮಗ್ಗದಲ್ಲಿ ಉದ್ದಕ್ಕೆ ಬಿಗಿದದ್ದು) ಉಣ್ಣೆಯದೋ ಹತ್ತಿಯದೋ ರೇಷ್ಮೆಯದೋ, ಎರಡು ಗಂಟಿನ ಸಾಲುಗಳ ನಡುವೆ ಹೊಕ್ಕು ನೂಲು (ಅಡ್ಡಕ್ಕೆ ಹಾಯುವುದು) ಎಷ್ಟು ಬಾರಿ ಹಾದಿದೆ, ಅದರ ಬಣ್ಣ ಯಾವುದು, ಎರಡು ಪಕ್ಕದ ಅಂಚುಗಳನ್ನು ಹೇಗೆ ಸುತ್ತಿ ಮುಗಿಸಿದ್ದಾರೆ ಎಂಬುದನ್ನು ಮೊದಲು ಬರೆದುಕೊಳ್ಳಿ. ನೂಲಿನ ಹುರಿಯನ್ನೂ ಗಮನಿಸಬೇಕು. ಪಶ್ಚಿಮ ಮತ್ತು ಮಧ್ಯ ಏಷ್ಯಾದ ಬಹುಪಾಲು ಕಂಬಳಿಗಳಲ್ಲಿ ಉಣ್ಣೆಯ ಒಂಟಿ ಎಳೆ ಝಡ್ ಅಕ್ಷರದ ಓರೆಯಲ್ಲಿ ಹುರಿಗೊಂಡಿರುತ್ತದೆ; ಈಜಿಪ್ಟಿನ ಮಾಮ್ಲೂಕ್ ಸುಲ್ತಾನರ ಕಾಲದ ಕಂಬಳಿಗಳಲ್ಲಿ ಅದು ಎಸ್ ಅಕ್ಷರದ ಓರೆಯಲ್ಲಿರುತ್ತದೆ. ಭೂತಗನ್ನಡಿಯಡಿ ಒಂದು ಕ್ಷಣದಲ್ಲಿ ತಿಳಿಯುವ ಈ ಸಂಗತಿ ವಿನ್ಯಾಸದ ಬಗ್ಗೆ ಗಂಟೆಗಟ್ಟಲೆ ನಡೆಯುವ ಚರ್ಚೆಗಿಂತ ಹೆಚ್ಚು ಹೇಳಬಲ್ಲದು.

ಅನಂತರ ಗಂಟು. ಕಂಬಳಿಯನ್ನು ಹೊಕ್ಕಿನ ಸಾಲಿನ ಗುಂಟ ಮೆಲ್ಲನೆ ಹಿಂದಕ್ಕೆ ಬಾಗಿಸಿ, ಮೇಲೆ ಎದ್ದು ನಿಂತ ಉಣ್ಣೆಯ ಜೂಲನ್ನು ಬಿಡಿಸಿ ಬುಡವನ್ನು ನೋಡಿ. ಎಳೆಯು ಎರಡು ಹಾಸು ನೂಲುಗಳನ್ನೂ ಸುತ್ತಿ, ಎರಡೂ ತುದಿಗಳು ಅವುಗಳ ನಡುವಿನಿಂದ ಹೊರಬಂದಿದ್ದರೆ ಅದು ಸಮಗಂಟು. ಒಂದು ಹಾಸು ನೂಲನ್ನು ಮಾತ್ರ ಪೂರ್ತಿ ಸುತ್ತಿ, ಇನ್ನೊಂದರ ಹಿಂದಿನಿಂದ ಹಾದು ಹೋಗಿದ್ದರೆ ಅದು ವಿಷಮಗಂಟು. ಮೊದಲನೆಯದನ್ನು ತುರ್ಕಿ ಗಂಟು, ಎರಡನೆಯದನ್ನು ಪರ್ಷಿಯನ್ ಗಂಟು ಅಥವಾ ಸೆನ್ನೆ ಗಂಟು ಎಂದು ಕರೆಯುವ ರೂಢಿ ಇದೆ. ಈ ರೂಢಿಯನ್ನು ಬಿಡುವುದು ಲೇಸು. ಏಕೆಂದರೆ ಪರ್ಷಿಯಾದ ಸೆನ್ನೆ ಊರಿನ ಕಂಬಳಿಗಳನ್ನು ನೇಯುತ್ತಿದ್ದುದು ಸಮಗಂಟಿನಲ್ಲಿಯೇ.

ಗಂಟು ಎಣಿಸುವಾಗ ಹೊಸಬರು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. ಹಾಸು ನೂಲುಗಳು ಒಂದೇ ಮಟ್ಟದಲ್ಲಿದ್ದರೆ ಪ್ರತಿ ಗಂಟೂ ಬೆನ್ನಿನಲ್ಲಿ ಅಕ್ಕಪಕ್ಕದ ಎರಡು ಉಬ್ಬುಗಳಾಗಿ ಕಾಣುತ್ತದೆ; ಒಂದು ಬಿಟ್ಟು ಒಂದು ಹಾಸು ನೂಲು ಒಳಕ್ಕೆ ಅದುಮಿ ಹೋಗಿದ್ದರೆ ಒಂದೇ ಉಬ್ಬು ಕಾಣುತ್ತದೆ. ಇದನ್ನು ತಿಳಿಯದೆ ಎಣಿಸಿದರೆ ಲೆಕ್ಕ ಸರಿಯಾಗಿ ಎರಡು ಪಟ್ಟಾಗುತ್ತದೆ. ವಿನ್ಯಾಸದಲ್ಲಿ ಅತ್ಯಂತ ತೆಳುವಾದ ಲಂಬ ಗೆರೆಯನ್ನು ಹುಡುಕಿ, ಅದು ಎಲ್ಲೆಡೆಯೂ ಜೋಡಿ ಉಬ್ಬುಗಳಲ್ಲೇ ಬಂದಿದ್ದರೆ ಜೋಡಿಯೇ ಒಂದು ಗಂಟು ಎಂದು ತಿಳಿಯಬೇಕು. ಹತ್ತು ಸೆಂಟಿಮೀಟರ್ ಅಡ್ಡ, ಹತ್ತು ಸೆಂಟಿಮೀಟರ್ ಉದ್ದ ಎಣಿಸಿ ಗುಣಿಸಿ. ಬೇರೆ ಬೇರೆ ಜಾಗಗಳಲ್ಲಿ ಮೂವರು ಎಣಿಸಿ ಸರಾಸರಿ ತೆಗೆಯುವುದು ಇನ್ನೂ ಒಳ್ಳೆಯದು.

ಆದರೆ ಈ ಸಂಖ್ಯೆಗೆ ಅತಿಯಾದ ಗೌರವ ಕೊಡಬೇಡಿ. ಆಲ್ತಾಯ್ ಪರ್ವತಗಳ ಹಿಮಗಟ್ಟಿದ ಸಮಾಧಿಯಲ್ಲಿ ಸೆರ್ಗೆಯ್ ರುಡೆಂಕೋ 1949ರಲ್ಲಿ ಕಂಡ, ಈಗ ಹರ್ಮಿಟೇಜ್ ಸಂಗ್ರಹಾಲಯದಲ್ಲಿರುವ ಪಾಜಿರಿಕ್ ಕಂಬಳಿಯಲ್ಲಿ ಚದರ ಡೆಸಿಮೀಟರಿಗೆ ಸುಮಾರು 3,600 ಸಮಗಂಟುಗಳಿವೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಕೈಗಳು ಸಾಧಿಸಿದ ನವಿರು, ಅದಕ್ಕಿಂತ ತೀರ ಈಚಿನ ಎಷ್ಟೋ ಹಳ್ಳಿಗಂಬಳಿಗಳಲ್ಲಿ ಇಲ್ಲ. ಗಂಟಿನ ಸಂಖ್ಯೆ ಕಂಬಳಿಯ ವಯಸ್ಸನ್ನು ಹೇಳುವುದಿಲ್ಲ, ಸೊಗಸನ್ನಂತೂ ಹೇಳುವುದೇ ಇಲ್ಲ. ಅಗಲವಾದ ಗಂಟುಗಳ, ಉದ್ದ ಜೂಲಿನ ಅಲೆಮಾರಿಗಳ ಕಂಬಳಿಯಲ್ಲಿ ಬಣ್ಣಗಳು ಒಂದರ ಪಕ್ಕದಲ್ಲೊಂದು ಉರಿಯುವ ಬಗೆಯನ್ನು ಒಮ್ಮೆ ಕಂಡವರು ಸಂಖ್ಯೆಯ ಹಿಂದೆ ಬೀಳಲಾರರು.

ಬಣ್ಣವನ್ನು ಬುಡದವರೆಗೆ ನೋಡುವುದು

ಜೂಲಿನ ತುದಿಯಲ್ಲಿರುವ ಬಣ್ಣವನ್ನೂ ಗಂಟಿನ ಬುಡದಲ್ಲಿರುವ ಬಣ್ಣವನ್ನೂ ಹೋಲಿಸಿ. ತುದಿ ಬೂದಿಯಾಗಿ, ಬುಡದಲ್ಲಿ ಗಾಢ ನೇರಳೆ ಅಥವಾ ಕಡುಗೆಂಪು ಉಳಿದಿದ್ದರೆ, ಬೆಳಕಿಗೆ ನಿಲ್ಲದ ಆರಂಭ ಕಾಲದ ರಾಸಾಯನಿಕ ಬಣ್ಣವನ್ನು ಶಂಕಿಸಬೇಕು. ವಿಲಿಯಂ ಪರ್ಕಿನ್ ಮೊದಲ ಕೃತಕ ನೇರಳೆಯನ್ನು ತಯಾರಿಸಿದ್ದು 1856ರಲ್ಲಿ; ಮಂಜಿಷ್ಠದ ಬೇರಿನ ಕೆಂಪಿಗೆ ಕಾರಣವಾದ ಅಲಿಜರಿನ್ ಪ್ರಯೋಗಾಲಯದಲ್ಲಿ ಸಿದ್ಧವಾದದ್ದು 1860ರ ದಶಕದ ಕೊನೆಯಲ್ಲಿ; ಕೃತಕ ನೀಲಿ (ಇಂಡಿಗೋ) ಮಾರುಕಟ್ಟೆಗೆ ಬಂದದ್ದು 1897ರಲ್ಲಿ. ಈ ವರ್ಷಗಳು ಒಂದೇ ದಿಕ್ಕಿನಲ್ಲಿ ಸಾಕ್ಷಿ ನುಡಿಯುತ್ತವೆ ಎಂಬುದನ್ನು ಮರೆಯಬಾರದು. ಕೃತಕ ಬಣ್ಣವಿದ್ದರೆ ಕಂಬಳಿ ಆ ವರ್ಷಕ್ಕಿಂತ ಹಳೆಯದಲ್ಲ. ಆದರೆ ಕೃತಕ ಬಣ್ಣ ಇಲ್ಲದ ಮಾತ್ರಕ್ಕೆ ಅದು ಹಳೆಯದಾಗುವುದಿಲ್ಲ. ಸಸ್ಯಜನ್ಯ ಬಣ್ಣಗಳ ಬಳಕೆ ಎಷ್ಟೋ ಕಡೆ ಮುಂದುವರಿಯಿತು. ತುರ್ಕಿಯಲ್ಲಿ 1981ರಲ್ಲಿ ಆರಂಭವಾದ ದೊಬಾಗ್ ಯೋಜನೆ ಅವುಗಳನ್ನು ಹೊಸ ಕಂಬಳಿಗಳಿಗೆ ಮತ್ತೆ ತಂದಿತು.

ಕಪ್ಪು ಅಥವಾ ಕಂದು ಬಣ್ಣದ ಜಾಗಗಳಲ್ಲಿ ಮಾತ್ರ ಜೂಲು ಸವೆದು, ಉಳಿದ ಬಣ್ಣಗಳು ಉಬ್ಬಿ ನಿಂತಿವೆಯೇ ನೋಡಿ. ಬಣ್ಣಕ್ಕೆ ಬಳಸಿದ ಕಬ್ಬಿಣದ ಅಂಶ ಉಣ್ಣೆಯನ್ನು ನಿಧಾನವಾಗಿ ತಿಂದು ಹಾಕುವುದರಿಂದ ಹೀಗಾಗುತ್ತದೆ. ಒಂದೇ ಬಣ್ಣದ ಹಿನ್ನೆಲೆಯಲ್ಲಿ ಅಡ್ಡಡ್ಡ ಪಟ್ಟೆಗಳಾಗಿ ಛಾಯೆ ಬದಲಾಗುವುದನ್ನು ಅಬ್ರಾಶ್ ಎನ್ನುತ್ತಾರೆ. ನೂಲನ್ನು ಸಣ್ಣ ಸಣ್ಣ ಪಾತ್ರೆಗಳಲ್ಲಿ ಬೇರೆ ಬೇರೆ ಸಲ ಅದ್ದಿದ್ದರ ಗುರುತು ಅದು, ದೋಷವೆಂದು ಬರೆಯಬೇಡಿ. ಕೊನೆಯಲ್ಲಿ ಒದ್ದೆ ಮಾಡಿ ಹಿಂಡಿದ ಬಿಳಿ ಹತ್ತಿ ಬಟ್ಟೆಯನ್ನು ಒಂದು ಮೂಲೆಗೆ ಮೆಲ್ಲಗೆ ಒತ್ತಿ ನೋಡಿ. ಬಣ್ಣ ಅಂಟಿದರೆ ಅದು ಹರಿಯುವ ಬಣ್ಣ, ಇಲ್ಲವೇ ಸವೆದ ಜಾಗಕ್ಕೆ ಈಚೆಗೆ ಬಳಿದ ಬಣ್ಣ.

ನೇಯ್ದ ತಾರೀಖು

ಕೆಲವು ಕಂಬಳಿಗಳಲ್ಲಿ ಹಿಜರಿ ವರ್ಷ ಇರುತ್ತದೆ. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಹೀಗೆ 1342 ಎಂದರೆ ಸುಮಾರು 1923. ಇಲ್ಲಿ ಭೂತಗನ್ನಡಿ ಅಗತ್ಯ. ಅರಬಿ ಲಿಪಿಯ ಮೂರರ ಅಂಕಿಯಲ್ಲಿ ಒಂದು ಹಲ್ಲಿನ ಎಳೆಗಳನ್ನು ಕಿತ್ತು ಹಿನ್ನೆಲೆಯ ಬಣ್ಣ ತುಂಬಿದರೆ ಅದು ಎರಡಾಗುತ್ತದೆ. 1342 ಹೋಗಿ 1242 ಬಂದು, ಕಂಬಳಿಗೆ ಒಮ್ಮೆಲೇ 97 ವರ್ಷ ಹೆಚ್ಚಾಗುತ್ತದೆ. ಅಂಕಿಯ ಹಿಂಬದಿಯಲ್ಲಿ ಗಂಟುಗಳು ಅಸ್ತವ್ಯಸ್ತವಾಗಿದ್ದರೆ ಆ ತಾರೀಖನ್ನು ನಂಬಬೇಡಿ. ಪ್ರಯೋಗಾಲಯದ ಇಂಗಾಲ-14 ಪರೀಕ್ಷೆಯೂ 17ನೇ ಶತಮಾನದ ನಡುವಿನಿಂದ ಈಚಿನ ವಸ್ತುಗಳಿಗೆ ಸ್ಪಷ್ಟ ಉತ್ತರ ಕೊಡುವುದು ಅಪರೂಪ.

ಈಗ ಮುಖ, ಈಗ ಹೆಸರು

ಇಷ್ಟಾದ ಮೇಲೆ ಕಂಬಳಿಯನ್ನು ಮತ್ತೆ ಮಗುಚಿ, ಎಲ್ಲರ ಹಾಳೆಗಳನ್ನು ಓದಿಸಿ. ಭಿನ್ನವಾಗಿರುವ ಸಾಲುಗಳಿಗೆ ಹಿಂತಿರುಗಿ ಒಟ್ಟಿಗೆ ನೋಡಿ. ಆಗ ವಿನ್ಯಾಸದ ಚರ್ಚೆಗೆ ತಳಪಾಯ ಸಿಗುತ್ತದೆ. ಯುರೋಪಿನ ಹಳೆಯ ಚಿತ್ರಗಳು ಇಲ್ಲಿ ನೆರವಾಗುತ್ತವೆ. ಹಾನ್ಸ್ ಹೋಲ್ಬೈನ್ 1533ರಲ್ಲಿ ಬರೆದ ಇಬ್ಬರು ರಾಯಭಾರಿಗಳ ಚಿತ್ರದಲ್ಲಿ ಮೇಜಿನ ಮೇಲೆ ಹಾಸಿರುವ ತುರ್ಕಿ ಕಂಬಳಿ, ಆ ವಿನ್ಯಾಸ ಆ ಹೊತ್ತಿಗಾಗಲೇ ಇತ್ತೆಂದು ತೋರಿಸುತ್ತದೆ. ಯಾವಾಗ ನಿಂತಿತೆಂದು ಮಾತ್ರ ತೋರಿಸಲಾರದು.

ಹೆಸರನ್ನು ಬರೆಯುವಾಗ ಪಕ್ಕದಲ್ಲಿ ‘ಖಚಿತ’, ‘ಸಂಭವ’, ‘ಊಹೆ’ ಎಂಬ ಮೂರರಲ್ಲಿ ಒಂದನ್ನು ಸೇರಿಸಿ. ಒಮ್ಮತ ಬರದಿದ್ದರೆ ಎರಡೂ ಅಭಿಪ್ರಾಯಗಳನ್ನು ಕಾರಣಸಹಿತ ಉಳಿಸಿಕೊಳ್ಳಿ.

ಜೂಲಿಲ್ಲದ ನೇಯ್ಗೆಗಳಿಗೂ ಕ್ರಮ ಇದೇ. ಕಿಲೀಮಿನಲ್ಲಿ ಬಣ್ಣ ಬದಲಾಗುವ ಕಡೆ ಸೀಳುಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಗುಜರಾತಿನ ಪಟೋಲ ರೇಷ್ಮೆಯಲ್ಲಿ ಹಾಸು, ಹೊಕ್ಕು ಎರಡನ್ನೂ ನೇಯುವ ಮೊದಲೇ ಕಟ್ಟಿ ಬಣ್ಣ ಹಾಕಿರುವುದರಿಂದ ಎರಡು ಮುಖಗಳೂ ಒಂದೇ ತೆರನಾಗಿ ಕಾಣಬೇಕು.

ಕೊಳ್ಳುವುದು, ಕಾಯುವುದು

ಮೊದಲ ಸಂಗ್ರಹಕ್ಕೆ ಪೂರ್ತಿ ರಿಪೇರಿಯಾಗಿ ಹೊಳೆಯುವ ಕಂಬಳಿಗಿಂತ, ಹರಿದಿದ್ದರೂ ಯಾರೂ ಕೈಯಾಡಿಸದ ತುಣುಕನ್ನು ನಾನು ಸೂಚಿಸುತ್ತೇನೆ. ಈಜಿಪ್ಟಿನ ಫುಸ್ತಾತ್‌ನಲ್ಲಿ ಸಿಕ್ಕಿದ ಗುಜರಾತಿನ ಅಚ್ಚು ಹಾಕಿದ ಹತ್ತಿಬಟ್ಟೆಯ ಚಿಂದಿಗಳು ಮಧ್ಯಯುಗದ ಸಾಗರ ವ್ಯಾಪಾರದ ಬಗ್ಗೆ ಎಷ್ಟು ಕಲಿಸಿದವು ಎಂಬುದನ್ನು ನೆನೆದರೆ, ತುಣುಕನ್ನು ಕೀಳಾಗಿ ಕಾಣಲು ಮನಸ್ಸಾಗದು. ದೊಡ್ಡ ಕಂಬಳಿಗಳಲ್ಲಿಯೂ ತೇಪೆ ಇದ್ದೇ ಇರುತ್ತದೆ. 1539-40ಕ್ಕೆ ಸಮನಾದ ಹಿಜರಿ 946ನ್ನು ಹೊತ್ತ ಇರಾನಿನ ಪ್ರಸಿದ್ಧ ಅರ್ದಬಿಲ್ ಕಂಬಳಿಯನ್ನು ಪೂರ್ಣಗೊಳಿಸಿದ್ದು ಅದರ ಜೊತೆಗಾರ ಕಂಬಳಿಯ ಭಾಗಗಳಿಂದ. ಲಂಡನ್ನಿನ ಸಂಗ್ರಹಾಲಯ ಅದನ್ನು 1893ರಲ್ಲಿ ಕೊಂಡಿತು, ಅಳಿದುಳಿದ ಇನ್ನೊಂದು ಈಗ ಲಾಸ್ ಏಂಜಲೀಸ್‌ನಲ್ಲಿದೆ. ಹಾಗಾಗಿ ತೇಪೆ, ರಫು, ಹೊಸ ಅಂಚು ಎಲ್ಲವನ್ನೂ ನಕ್ಷೆ ಬರೆದು ಗುರುತಿಸಿ. ವಸ್ತು ಯಾರಿಂದ ಯಾರಿಗೆ ಬಂತೆಂಬ ಕಾಗದಗಳನ್ನು ಕೇಳಿ ಪಡೆಯಿರಿ. ಸಾಂಸ್ಕೃತಿಕ ಆಸ್ತಿಯ ಅಕ್ರಮ ಸಾಗಣೆಯ ವಿರುದ್ಧ 1970ರ ಯುನೆಸ್ಕೋ ಒಪ್ಪಂದವಿದೆ. ಕಾಗದವಿಲ್ಲದ ಅಪೂರ್ವ ವಸ್ತುವನ್ನು ಬಿಟ್ಟುಬಿಡುವುದೇ ಸರಿ.

ಮನೆಗೆ ತಂದ ಹೊಸ ವಸ್ತುವನ್ನು ಉಳಿದವುಗಳ ಜೊತೆ ತಕ್ಷಣ ಸೇರಿಸಬೇಡಿ. ನುಸಿಯ ಅನುಮಾನವಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ, ಮೈನಸ್ 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕನಿಷ್ಠ ಒಂದು ವಾರ ಇಟ್ಟು, ಹೊರತೆಗೆದ ಮೇಲೆ ಕೋಣೆಯ ಶಾಖಕ್ಕೆ ಬರುವವರೆಗೂ ಬಿಚ್ಚದೆ ಬಿಡಿ. ಪ್ರದರ್ಶನಕ್ಕೆ ತೂಗುಹಾಕಿದರೆ ಬೆಳಕು 50 ಲಕ್ಸ್ ಮೀರದಿರಲಿ. ಮಡಚಿ ಇಟ್ಟರೆ ಮಡಿಕೆಯಲ್ಲೇ ಎಳೆಗಳು ಮುರಿಯುವುದರಿಂದ, ಆಮ್ಲರಹಿತ ಕಾಗದ ಸುತ್ತಿದ ಕೊಳವೆಯ ಮೇಲೆ ಜೂಲು ಹೊರಮುಖವಾಗಿರುವಂತೆ, ಜೂಲು ಬಾಗಿರುವ ದಿಕ್ಕನ್ನು ಅನುಸರಿಸಿ ಸುರುಳಿ ಸುತ್ತಿ, ತೊಳೆದ ಹತ್ತಿಬಟ್ಟೆಯಿಂದ ಮುಚ್ಚಿ. ಗುರುತಿನ ಸಂಖ್ಯೆಯನ್ನು ಅಂಟಿನಿಂದ ಅಂಟಿಸದೆ, ಹತ್ತಿಯ ಪಟ್ಟಿಯ ಮೇಲೆ ಬರೆದು ಬೆನ್ನಿನ ಒಂದು ಮೂಲೆಗೆ ನಾಲ್ಕು ಸಡಿಲ ಹೊಲಿಗೆ ಹಾಕಿ. ಅದೇ ಸಂಖ್ಯೆ ಕೂಟದ ಎಲ್ಲರ ಹಾಳೆಗಳ ಮೇಲೂ ಇರಲಿ, ಮುಂದಿನ ಸಲ ಅದೇ ಕಂಬಳಿಯನ್ನು ಹರಡಿದಾಗ ಹಳೆಯ ಹಾಳೆಗಳನ್ನು ಹೊಸ ಹಾಳೆಗಳು ಬರೆದಾದ ಮೇಲಷ್ಟೇ ತೆರೆಯಿರಿ.