ಫಾಲ್ಸ್ ಸೀಲಿಂಗ್ ಟೈಲ್ ಬದಲಿಸುವವರಿಗೆ

ಮಳೆಗಾಲ ಬಂತೆಂದರೆ ಹಲವು ಮನೆಗಳ ಫಾಲ್ಸ್ ಸೀಲಿಂಗ್‌ನಲ್ಲಿ ಕಂದು ಕಲೆಗಳು ಕಾಣಿಸಿಕೊಳ್ಳುತ್ತವೆ. ಲೋಹದ ಚೌಕಟ್ಟಿನಲ್ಲಿ ಟೈಲ್‌ಗಳನ್ನು ಸುಮ್ಮನೆ ಕೂರಿಸಿದ ಮಾದರಿಯಾದರೆ ನೀವೇ ಬದಲಿಸಬಹುದು. ಆದರೆ ದಯವಿಟ್ಟು ಮೊದಲು ಸೋರಿಕೆಯನ್ನು ನಿಲ್ಲಿಸಿ. ತಾರಸಿಯ ಬಿರುಕೋ, ಮೇಲಿನ ಬಚ್ಚಲಿನ ಪೈಪೋ ಎಂದು ತಿಳಿಯದೆ ಹೊಸ ಟೈಲ್ ಹಾಕಿದರೆ ಅದಕ್ಕೂ ಅದೇ ಗತಿ.

ಅಂಗಡಿಗೆ ಹಳೆಯ ಟೈಲನ್ನೇ ಒಯ್ಯಿರಿ. 2 ಅಡಿಯ ಟೈಲ್ ಎಂದು ಕರೆದರೂ ಅದರ ಅಳತೆ ಸಾಮಾನ್ಯವಾಗಿ 595 ಮಿಲಿಮೀಟರ್. ಅಂಚನ್ನೂ ನೋಡಿ: ಕೆಲವಕ್ಕೆ ನೇರ ಅಂಚು, ಕೆಲವಕ್ಕೆ ಮೆಟ್ಟಿಲಿನಂತೆ ಕತ್ತರಿಸಿದ ಅಂಚು. ಎರಡನ್ನೂ ಬೆರೆಸಿದರೆ ಎದ್ದು ಕಾಣುತ್ತದೆ.

ಏಣಿ ಹತ್ತುವ ಮೊದಲು ಮೇನ್ ಸ್ವಿಚ್ ಆರಿಸಿ, ಮಾಸ್ಕ್ ಮತ್ತು ಕನ್ನಡಕ ಹಾಕಿಕೊಳ್ಳಿ. ನೀರು ಕುಡಿದ ಟೈಲ್ ಮುಟ್ಟಿದೊಡನೆ ಮುರಿದು, ವರ್ಷಗಳ ಧೂಳಿನೊಂದಿಗೆ ನೇರವಾಗಿ ಮುಖದ ಮೇಲೆ ಬೀಳಬಹುದು. ಎರಡೂ ಅಂಗೈಗಳಿಂದ ಸಮವಾಗಿ ಮೇಲೆತ್ತಿ, ಓರೆ ಮಾಡಿ, ಮೂಲೆಯಿಂದ ಮೂಲೆಗೆ ಬರುವಂತೆ ಕೆಳಗಿಳಿಸಿ. ಹೊಸದನ್ನೂ ಹೀಗೆಯೇ ಒಳಸೇರಿಸಿ, ಚೌಕಟ್ಟಿನ ಮೇಲೆ ನಿಧಾನವಾಗಿ ಕೂರಿಸಿ. ಬಿಳಿ ಮೇಲ್ಮೈಗೆ ಬೆರಳ ಗುರುತು ಬೇಗ ಅಂಟುವುದರಿಂದ ಶುಭ್ರವಾದ ಹತ್ತಿಯ ಕೈಗವಸು ಧರಿಸುವುದು ಒಳ್ಳೆಯದು.

ಗೋಡೆ ಪಕ್ಕದ ತುಂಡಿಗೆ ತಾಳ್ಮೆ ಬೇಕು. ಗೋಡೆಗಳು ನೇರವಾಗಿರುವುದು ಅಪರೂಪ, ಆದ್ದರಿಂದ ಎರಡೂ ತುದಿಗಳಲ್ಲಿ ಅಳತೆ ತೆಗೆಯಿರಿ. ಮಿನರಲ್ ಫೈಬರ್ ಅಥವಾ ಜಿಪ್ಸಮ್ ಟೈಲ್ ಆದರೆ ಮುಖಭಾಗವನ್ನು ಮೇಲಿಟ್ಟು, ಅಡಿಪಟ್ಟಿ ಹಿಡಿದು, ಹೊಸ ಬ್ಲೇಡಿನಿಂದ ಎರಡು ಮೂರು ಸಲ ಗೀರಿ ಕತ್ತರಿಸಿ. ಭಾರದ ದೀಪವಿದ್ದರೆ ಅದನ್ನು ಟೈಲ್ ಮೇಲೆ ಹೊರಿಸಬೇಡಿ, ಮೇಲಿನ ಕಾಂಕ್ರೀಟ್ ಚಾವಣಿಯಿಂದ ಪ್ರತ್ಯೇಕ ತಂತಿ ಕಟ್ಟಿ ತೂಗುಹಾಕಿ.