ಫೈಬರ್ ಎಳೆಯಲು ಬಂದಾಗ ಪಕ್ಕದಲ್ಲೇ ನಿಂತಿರಿ

ಶಿರಸಿ ಸುತ್ತಲಿನ ಹಳ್ಳಿಗಳಲ್ಲಿ ತಾಮ್ರದ ಟೆಲಿಫೋನ್ ತಂತಿ ಎಳೆದೇ ನನ್ನ ಸರ್ವಿಸ್ ಮುಗಿಯಿತು. ಈಗ ಯಾರ ಮನೆಗೆ ಇಂಟರ್ನೆಟ್ಟಿನ ಫೈಬರ್, ಅಂದರೆ ಗಾಜಿನ ಎಳೆಯಲ್ಲಿ ಬೆಳಕು ಹರಿಯುವ ಕೇಬಲ್ ಬಂದರೂ "ಒಂಚೂರು ಬಂದು ನೋಡಿ ಮಾರಾಯ್ರೆ" ಅಂತ ಕರೆಯುತ್ತಾರೆ. ಕರೆಯುವುದು ಹೆಚ್ಚಾಗಿ ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಮೋಡೆಮ್ ಡಬ್ಬ ಯಾವುದೋ ಮೂಲೆ ಹಿಡಿದಿರುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಪ್ಲ್ಯಾನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ಎಚ್‌ಡಿ ವಿಡಿಯೊಗೆ ಸುಮಾರು 5 ಎಂಬಿಪಿಎಸ್ ಸಾಕು. ನಾಲ್ಕು ಜನರ ಮನೆಗೆ 50 ಧಾರಾಳ. 300ರ ಪ್ಲ್ಯಾನ್ ಹಾಕಿಸಿ ಡಬ್ಬವನ್ನು ಕಬ್ಬಿಣದ ಕಪಾಟಿನ ಹಿಂದೆ ಇಡುವವರಿಗೆ ಏನು ಹೇಳೋಣ!

ತಲೆ ಕೆಡಿಸಿಕೊಳ್ಳಬೇಕಾದ್ದು ಕೇಬಲ್ ಬರುವ ದಾರಿಯ ಬಗ್ಗೆ. ನಮ್ಮಲ್ಲಿ ಹತ್ತಿರದ ದಾರಿ ಅಂದರೆ ತೋಟದ ನಡುವೆಯೇ. ಕೆಲಸದ ಹುಡುಗರು ಅಡಿಕೆ ಮರಕ್ಕೇ ಕಟ್ಟಿಕೊಂಡು ಬರುತ್ತಾರೆ. ಬೇಡ ಅನ್ನಿ. ಗಾಳಿಗೆ ಮರ ತೂಗುತ್ತದೆ, ಸೋಗೆ ಬೀಳುತ್ತದೆ, ಮಂಗ ಜೋತಾಡುತ್ತದೆ. ಕೊಯ್ಲಿನಲ್ಲಿ ಕೊನೆಗೌಡ ಮರದಿಂದ ಮರಕ್ಕೆ ದಾಟುವಾಗ ಅಡ್ಡ ಸಿಕ್ಕರೆ ಅವನಿಗೂ ಅಪಾಯ, ಕೇಬಲ್ಲಿಗೂ ಅಪಾಯ. ರಸ್ತೆ ಬದಿಯ ಕಂಬ ಹಿಡಿದು ಸುತ್ತಿ ಬರಲಿ. ತಾಮ್ರದ ಕಾಲದಲ್ಲಿ ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ಬ್ರಾಡ್‌ಬ್ಯಾಂಡ್ ಸೊರಗುತ್ತಿತ್ತು. ಇಲ್ಲಿ ಬೆಳಕು ಸಾಮಾನ್ಯವಾಗಿ 20 ಕಿ.ಮೀ.ವರೆಗೂ ಬರುತ್ತದೆ. ನೂರು ಮೀಟರ್ ಸುತ್ತು ಲೆಕ್ಕಕ್ಕೇ ಇಲ್ಲ.

ಗೋಡೆಗೆ ತೂತು ಕೊರೆಯುವಾಗ ಹೊರಗಿನಿಂದ ಒಳಕ್ಕೆ ಸ್ವಲ್ಪ ಏರುವಂತೆ ಕೊರೆಸಿ. ಕೇಬಲ್ ಒಂದು ಬಳುಕು ಕೆಳಗಿಳಿದು, ಮತ್ತೆ ಮೇಲೇರಿ ಒಳಹೋಗಲಿ. ಇಲ್ಲದಿದ್ದರೆ ಆಷಾಢದ ಮಳೆ ಕೇಬಲ್ ಹಿಡಿದುಕೊಂಡೇ ಮನೆಯೊಳಗೆ ಬರುತ್ತದೆ.

ಆಮೇಲೆ ಜಾಯಿಂಟು. ಒಳಗಿನ ಗಾಜಿನ ಎಳೆ 125 ಮೈಕ್ರಾನ್ ದಪ್ಪ, ಬೆಳಕು ಹರಿಯುವ ಭಾಗ ಬರೀ 9 ಮೈಕ್ರಾನ್. ತಾಮ್ರದ ಹಾಗೆ ಹಲ್ಲಲ್ಲಿ ಸಿಪ್ಪೆ ಸುಲಿದು, ತಿರುಚಿ ಟೇಪ್ ಸುತ್ತಿದರೆ ಆಗುವುದಿಲ್ಲ. ಎರಡು ತುದಿಗಳನ್ನು ಮಶೀನಿನಲ್ಲಿ ಎದುರುಬದುರು ಇಟ್ಟು, ಕಿಡಿ ಹಾರಿಸಿ ಕರಗಿಸಿ ಕೂಡಿಸುತ್ತಾರೆ. ನೋಡಲು ಚೆಂದ. ಆದರೆ ಎಳೆಯ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ, ಒಳಗಿನ ಲೇಸರ್ ಬೆಳಕು ಕಾಣದಿದ್ದರೂ ಕಣ್ಣಿಗೆ ಅಪಾಯ. ಕತ್ತರಿಸಿದ ಚೂರುಗಳನ್ನೂ ಅವರ ಕೈಯಲ್ಲೇ ಹೆಕ್ಕಿಸಿ, ಮಕ್ಕಳ ಕಾಲಿಗೆ ಚುಚ್ಚಿದರೆ ಹುಡುಕುವುದೇ ಕಷ್ಟ.

ಜಾಯಿಂಟ್ ಆದ ಮೇಲೆ "ಪವರ್ ಮೀಟರ್ ಹಿಡಿದು ರೀಡಿಂಗ್ ತೋರಿಸಪ್ಪ" ಅನ್ನಿ. ಬೆಳಕು ಎಷ್ಟು ಬರುತ್ತಿದೆ ಅಂತ ಅದು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ಒಳ್ಳೆಯದು. ಮೈನಸ್ 27ರ ಹತ್ತಿರ ಬಂದರೆ ಡಬ್ಬಕ್ಕೆ ಬೆಳಕು ಸಾಲುವುದು ಕಷ್ಟ, ಜಾಯಿಂಟ್ ಮತ್ತೆ ಹಾಕಿಸಿ. ಮೈನಸ್ 20 ಇದ್ದದ್ದು ಮೈನಸ್ 23 ಆದರೆ ಬೆಳಕು ಅರ್ಧವಾಯಿತು ಅಂತ ಲೆಕ್ಕ. ಆ ದಿನದ ರೀಡಿಂಗನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ, ಮುಂದೆ ಜಗಳಕ್ಕೆ ಬೇಕಾಗುತ್ತದೆ. ಮಿಕ್ಕಿದ ಕೇಬಲ್ಲನ್ನು ಲೋಟದ ಬಾಯಿಗಿಂತ ಸಣ್ಣ ಸುತ್ತಾಗಿ ಸುತ್ತಲು ಬಿಡಬೇಡಿ. ಮಡಚಿದಲ್ಲಿ ಬೆಳಕು ಸೋರಿಹೋಗುತ್ತದೆ.

ಡಬ್ಬ ಎಲ್ಲಿಡಬೇಕು? ಹುಡುಗರಿಗೆ ಸುಲಭ ಜಗುಲಿ. ನಿಮಗೆ ಅನುಕೂಲ ನಡುಮನೆ. ನಮ್ಮ ಕೆಂಪುಕಲ್ಲಿನ ಗೋಡೆಗಳು ದಪ್ಪ, ಅದರಲ್ಲೂ ಮಳೆಗಾಲದಲ್ಲಿ ನೀರು ಕುಡಿದಿದ್ದರೆ ವೈಫೈ ದಾಟುವುದು ಕಷ್ಟ. ಗೋಡೆ ದಾಟಬೇಕಾದ ಫೋನಿಗೆ 2.4 ಗಿಗಾಹರ್ಟ್ಸ್ ವೈಫೈ, ಅದೇ ಕೋಣೆಯ ಟಿವಿಗೆ 5 ಗಿಗಾಹರ್ಟ್ಸಿನದು. ಮೆತ್ತಿನ ಮೇಲೆ, ಅಂದರೆ ಮಹಡಿಯಲ್ಲಿ ಕೂತು ಬೆಂಗಳೂರಿನ ಆಫೀಸಿಗೆ ಕೆಲಸ ಮಾಡುವ ಮಗಳಿದ್ದರೆ ಸುಮ್ನೆ ಒಂದು ಕ್ಯಾಟ್ 6 ಲ್ಯಾನ್ ವೈರ್ ಎಳೆಸಿಬಿಡಿ.

ಕರೆಂಟಿನ ವಿಷಯ ನಿಮಗೆ ಗೊತ್ತೇ ಇದೆ. ಎಕ್ಸ್‌ಚೇಂಜಿನಿಂದ ಮನೆಯವರೆಗೆ ದಾರಿಯಲ್ಲಿರುವ, ಒಂದೇ ಎಳೆಯ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಸ್ಪ್ಲಿಟರಿಗೆ ಕರೆಂಟೇ ಬೇಡ. ಅತ್ತ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ, ಇತ್ತ ನಿಮ್ಮ ಡಬ್ಬಕ್ಕೆ ಒಂದು ಮಿನಿ ಯುಪಿಎಸ್ ಇದ್ದರೆ ಊರೆಲ್ಲ ಕತ್ತಲಾದರೂ ನೆಟ್ ಇರುತ್ತದೆ. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪ್ ಅಂತ ಓದಿ. ಹೆಚ್ಚಿನವು 12 ವೋಲ್ಟ್.

"ಗಾಜು ತಾನೇ, ಸಿಡಿಲು ಹೊಡೆಯಲ್ಲ ಅಲ್ವಾ?" ಅಂತ ಕೇಳುತ್ತಾರೆ. ಗಾಜಿನಲ್ಲಿ ಬರುವುದಿಲ್ಲ, ನಿಜ. ಪ್ಲಗ್ಗಿನಲ್ಲಿ ಬರುತ್ತದೆ. ಎಷ್ಟೋ ಕೇಬಲ್ಲುಗಳಲ್ಲಿ ಎಳೆತ ತಡೆಯಲು ಉಕ್ಕಿನ ತಂತಿಯೂ ಇರುತ್ತದೆ, ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಗುಡುಗು ಶುರುವಾಗುವ ಮೊದಲೇ ಅಡಾಪ್ಟರ್, ಲ್ಯಾನ್ ವೈರ್ ಎರಡನ್ನೂ ಕಿತ್ತಿಡಿ.

ಇಷ್ಟಾದರೂ ನೆಟ್ ಹೋದರೆ ದೂರು ಕೊಡುವ ಮೊದಲು ಡಬ್ಬದ ದೀಪ ನೋಡಿ. ಎಲ್‌ಒಎಸ್ ಅಂತ ಬರೆದ ಕಡೆ ಕೆಂಪು ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಫೋನಿನಲ್ಲಿ ಹಾಗೆಯೇ ಹೇಳಿ. ಬರೀ "ನೆಟ್ ಇಲ್ಲ" ಅಂದರೆ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. "ಎಲ್‌ಒಎಸ್ ಕೆಂಪು" ಅಂದರೆ ಮಶೀನ್ ತೆಗೆದುಕೊಂಡೇ ಬರುತ್ತಾರೆ.